ಕುರ್ಚಿಯ ಬೆನ್ನಿನ ಕಲಶ

ಬಡಗಿ ಶಿವನಂಜಪ್ಪನ ಜಂಬಕ್ಕೆ ಮೂಗುದಾರ ಹಾಕುವವರು ಪಯ್ಯಂಪಳ್ಳಿಯಲ್ಲೇ ಇರಲಿಲ್ಲ. ಎಸ್ಟೇಟು ಬಿಟ್ಟುಹೋದ ಬಿಳಿಯನೊಬ್ಬನಿಂದ ಕೊಂಡ ಕುರ್ಚಿಯೊಂದನ್ನು ಜಮೀನ್ದಾರ ಗೋವಿಂದನ್ ನಾಯರ್ ತೋರಿಸಿ, ಬೀಟೆಮರದಲ್ಲಿ ಅಂಥದ್ದೇ ಮಾಡು ಎಂದಿದ್ದ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಮಾದರಿ. ಕೆಳಕ್ಕಿಳಿದಂತೆ ಸಪೂರವಾಗುವ ನೆಟ್ಟನೆಯ ಕಾಲು. ಗುರಾಣಿಯಾಕಾರದ ಒರಗಿನ ನಡುವೆ ಒಂದು ಕೊಡ, ಅದರ ಎರಡೂ ಬದಿಗೆ ಇಳಿಬಿದ್ದ ಹೂಮಾಲೆ. ಶಿವನಂಜಪ್ಪನ ಕಣ್ಣಿಗೆ ಅದು ಕಲಶವೇ. ಪಾಪ, ಬಿಳಿಯರು ಮಾವಿನೆಲೆ ಮರೆತಿದ್ದಾರೆ ಎಂದು ನಕ್ಕು, ತಾನೇ ಎಲೆಗಳನ್ನು ಕೆತ್ತಿ ಸೇರಿಸಿದ. ದಿನವೂ ಕೈಕಾಲು ತೊಳೆದೇ ಉಳಿ ಹಿಡಿದ.

ಆ ಮರ ಸೀಳಿದವರು ಇಬ್ಬರು. ಗುಂಡಿಯ ಮೇಲೆ ಅಡ್ಡ ಹಾಕಿದ ದಿಮ್ಮಿಯ ಮೇಲೆ ಉದ್ದ ಗರಗಸದ ಒಂದು ತುದಿ ಹಿಡಿದು ಶಿವನಂಜಪ್ಪ, ಗುಂಡಿಯೊಳಗೆ ಇನ್ನೊಂದು ತುದಿ ಹಿಡಿದು ನಾಯರನ ಜೀತದಾಳು ಕೆಂಚ. ಮೇಲಿನವನಿಗೆ ಗಾಳಿ, ಕೆಳಗಿನವನಿಗೆ ಕಣ್ಣ ತುಂಬ ಹೊಟ್ಟು. ಆದರೂ "ಎಳಿ ಶಿವಣ್ಣಾ!" ಎಂದು ಕೆಂಚ ಕೆಳಗಿನಿಂದ ಹುರಿದುಂಬಿಸುತ್ತಿದ್ದ. ಎಲೆಯಡಿಕೆ ಹಂಚಿಕೊಳ್ಳುವಷ್ಟು ಸ್ನೇಹ.

ನಕ್ಸಲರ ಗಲಾಟೆಯ ವರ್ಷ ನಾಯರ್ ಕೋಳಿಕ್ಕೋಡಿಗೆ ಓಡಿದ. ಗದ್ದೆ ನಮ್ಮದೆಂದು ಕೂಲಿಗಳು ಅವನ ಅಂಗಳದಲ್ಲಿ ಸೇರಿ, ಹೊಸ ಕುರ್ಚಿ ಹೊರಗೆ ತಂದು, ಹಿರಿಯನಾದ ಕೆಂಚನನ್ನು ಕೂರಿಸಿದರು. ಹುಟ್ಟಿದಾಗಿನಿಂದ ಅಲ್ಲಿ ಬಾಗಿಯೇ ನಿಂತವನು ಬೆನ್ನು ಒರಗಿಸಿ ಮಗುವಿನಂತೆ ನಕ್ಕ.

"ಏಳೋ ಕೆಂಚ! ಕಲಶಕ್ಕೆ ನಿನ್ ಬೆನ್ನು ತಾಗ್ತದೆ, ಮೈಲಿಗೆ ಆಗ್ತದೆ!"

ಕೂಗಿದ್ದು ಶಿವನಂಜಪ್ಪ. ಗುಂಪು ಅವನ ಮೇಲೆ ಏರಿಬಂತು; ಕೆಂಚನೇ ಕೈಯೆತ್ತಿ ತಡೆದ. ಎದ್ದು, ಹೆಗಲ ಮೇಲಿನ ತೋರ್ತು ವಸ್ತ್ರದಿಂದ ಒರಗನ್ನು ಚೆನ್ನಾಗಿ ಒರೆಸಿದ. "ತಪ್ಪಾಯ್ತು ಮೇಸ್ತ್ರಿ," ಎಂದು ಹೊರಟುಹೋದ.

ಪೊಲೀಸರ ಬೆನ್ನಿಗೆ ನಾಯರ್ ಮರಳಿದ. ಕಲಶದ ಮಾನ ಉಳಿಸಿದೆನೆಂದು ಶಿವನಂಜಪ್ಪ ಹೇಳಿಕೊಂಡರೆ ಅವನು ಹೊಟ್ಟೆ ಹಿಡಿದು ನಕ್ಕ.

"ಎಡೋ ಪೊಟ್ಟಾ, ದಡ್ಡಾ, ಕಲಶ ಅಲ್ಲ ಅದು! ಹಳೇ ರೋಮಿನವರು ಹೆಣದ ಬೂದಿ ತುಂಬಿಡೋ ಕೊಡ. ಬಿಳಿ ಸಾಯಿಪ್ಪಂದಿರು ಅದನ್ನ ನೋಡಿ ಕಸೇರದ ಬೆನ್ನಿಗೂ ಗೋಡೆಗೂ ಕೆತ್ತಿದ್ದು."

ಹೇಳುತ್ತಲೇ ಆ ಕುರ್ಚಿಯಲ್ಲಿ ಕೂತು ಬೆನ್ನು ಉಜ್ಜಿಕೊಂಡ. ಶಿವನಂಜಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬೂದಿಕೊಡಕ್ಕೆ ಮಾವಿನೆಲೆ ಕಟ್ಟಿದ ನಾಚಿಕೆ ಹಾಗಿರಲಿ. ಕಲಶವೆಂದು ನಂಬಿದ್ದಾಗಲೂ, ದಿನವೂ ಅದಕ್ಕೆ ಒರಗುತ್ತಿದ್ದ ನಾಯರನ ಬೆನ್ನಿಗೆ ಅವನೆಂದೂ ಏಳು ಎಂದಿರಲಿಲ್ಲ.

ಸಂಜೆ ಕೆಂಚನ ಗುಡಿಸಲಿಗೆ ಹೋದ. ಕೆಂಚ ಇದ್ದೊಂದು ಚಾಪೆ ಹಾಸಿದ.

"ಕುತ್ಕಳಿ ಮೇಸ್ತ್ರಿ."

ಹಾಸಿ, ನಾಯರನ ಅಂಗಳದಲ್ಲಿ ನಿಲ್ಲುವಂತೆಯೇ ಬಾಗಿ ಗೋಡೆಗೆ ಸರಿದು ನಿಂತ. ನೀನೂ ಕೂರು ಕೆಂಚ ಎನ್ನಲು ಶಿವನಂಜಪ್ಪನಿಗೆ ಮುಖವಿರಲಿಲ್ಲ. ಅವನೂ ನಿಂತೇ ಇದ್ದ.