ಅರ್ಧ ಬೆರಳು ಬಟ್ಟೆ

ಆ ದನಿಯ ತಾಳ್ಮೆಯೇ ಅತ್ತೆಯ ಮೈ ಉರಿಸುತ್ತಿದ್ದದ್ದು. ಬೈದರೆ ತಿರುಗಿ ಬೈಯಬೇಕು, ಇಲ್ಲವೇ ಮುಖ ಊದಿಸಿಕೊಂಡು ಕೂರಬೇಕು; ಮನುಷ್ಯರು ಮಾಡುವುದು ಇಷ್ಟೇ. ಇದು ಮಾತ್ರ "ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ" ಎನ್ನುತ್ತಿತ್ತು. ನಿನಗೇನು ಅರ್ಥವಾಗುತ್ತೆ, ಮಣ್ಣು! ಹಾಗಂತ ಮುಖಕ್ಕೆ ಹೇಳೋಣವೆಂದರೆ ಅದಕ್ಕೆ ಮುಖವೂ ಇರಲಿಲ್ಲ.

ಅದು ಬಟ್ಟೆ ಹೊಲಿಯುವ ಅಂಗಡಿ. ಅಣ್ಣ ಕತ್ತರಿಸುತ್ತಾನೆ, ತಂಗಿ ಹೊಲಿಯುತ್ತಾಳೆ, ಅಣ್ಣನ ಮಗಳು ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ. ಮಗಳು "ಅತ್ತೆ, ಅತ್ತೆ" ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ, ಎದುರಿನ ಔಷಧಿ ಅಂಗಡಿಯವನಿಗೂ ತಂಗಿ ಅತ್ತೆಯೇ ಆಗಿಬಿಟ್ಟಿದ್ದಳು. ಅಣ್ಣನ ಕಣ್ಣಿಗೆ ಪೊರೆ ಬಂದು ಚಾಕ್ ಗೆರೆ ಮಸುಕಾಗತೊಡಗಿದ ಮೇಲೆ ಮಗಳು ಈ ಹೊಸ ವ್ಯವಸ್ಥೆ ತಂದಳು. ಮೇಜಿನ ಮೇಲೊಂದು ಕಂಬ, ಕಂಬಕ್ಕೆ ಕ್ಯಾಮರಾ, ದೀಪ, ಒಂದು ಪುಟ್ಟ ಸ್ಪೀಕರ್. ಗಿರಾಕಿ ಎದುರು ನಿಂತರೆ ಅದೇ ಅಳತೆ ತೆಗೆಯುತ್ತದೆ, ಬಟ್ಟೆ ಹಾಸಿದರೆ ಬೆಳಕಿನ ಗೆರೆ ಎಳೆಯುತ್ತದೆ, ಅಣ್ಣ ಗೆರೆಯ ಮೇಲೆ ಕತ್ತರಿ ಓಡಿಸಿದರೆ ಆಯಿತು. ಹೊಲಿದು ಮುಗಿಸಿದ ಬಟ್ಟೆಯನ್ನು ಅದರ ಮುಂದೆ ಹಿಡಿದರೆ ತಪ್ಪು ಒಪ್ಪನ್ನೂ ಹೇಳುತ್ತದೆ. ಅತ್ತೆ ಅದಕ್ಕೆ ಮಹಾರಾಯ ಎಂದು ಹೆಸರಿಟ್ಟಳು. ಗೌರವಕ್ಕಲ್ಲ ಎಂಬುದು ಮಹಾರಾಯನೊಬ್ಬನನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

"ಅದಕ್ಕೂ ಬುದ್ಧಿ ಇದೆ ಅತ್ತೆ," ಎನ್ನುತ್ತಿದ್ದಳು ಮಗಳು. "ಲಕ್ಷಗಟ್ಟಲೆ ಕೋಟು ನೋಡಿ ಕಲ್ತಿದೆ. ನಾವೂ ನೋಡೇ ತಾನೇ ಕಲಿಯೋದು?"

"ನಾನು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕಲ್ತಿದ್ದು. ಅದಕ್ಕೆ ಬೆರಳು ಎಲ್ಲಿದೆ?"

ಇಂಥ ಜಗಳದಲ್ಲಿ ಅಣ್ಣ ಸಾಮಾನ್ಯವಾಗಿ ಬಾಯಿ ಹಾಕುತ್ತಿರಲಿಲ್ಲ. ಒಮ್ಮೆ ಮಾತ್ರ ಕತ್ತರಿಗೆ ಎಣ್ಣೆ ಬಿಡುತ್ತಾ, "ಕತ್ತರಿಸೋಕೆ ಬುದ್ಧಿ ಏನೂ ಬೇಡ. ಯಾರು ಹೊಲೀತಾರೆ ಅಂತ ಗೊತ್ತಿರಬೇಕು, ಅಷ್ಟೇ," ಎಂದ. ಹೊಗಳಿದ ಎಂದುಕೊಂಡು ಅತ್ತೆ ಒಳಗೊಳಗೇ ಹಿಗ್ಗಿದಳು.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಊರಿನ ದೊಡ್ಡ ಹೋಟೆಲಿನವರು ತಮ್ಮ ನೌಕರರಿಗೆಲ್ಲ ಕೋಟು ಹೊಲಿಸಲು ಕೊಟ್ಟಿದ್ದರು. ಅಂಗಡಿಗೆ ಇಷ್ಟು ದೊಡ್ಡ ಕೆಲಸ ಎಂದೂ ಬಂದಿರಲಿಲ್ಲ. ಮಹಾರಾಯನ ಗೆರೆಯ ಮೇಲೆ ಕತ್ತರಿಸಿದ ಮೊದಲ ಕೆಲಸವೂ ಇದೇ; ಅವಸರದಲ್ಲಿ ಹೊಲಿದದ್ದನ್ನು ಅದಕ್ಕೆ ತೋರಿಸದೆಯೇ ಕಳಿಸಿದ್ದರು. ಮೊದಲ ಕಂತು ಹೋದ ಮರುದಿನವೇ ಹೋಟೆಲಿನ ಮ್ಯಾನೇಜರು ಒಬ್ಬ ಬಡಿಸುವವನನ್ನು ಕರೆದುಕೊಂಡು ಬಂದರು. ಪಾಪ, ಅವನು ಆ ಕೋಟಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದ.

"ಕೈ ಎತ್ತಪ್ಪಾ," ಎಂದರು ಮ್ಯಾನೇಜರು. ಕೈ ಎದೆಯವರೆಗೆ ಬಂದು ನಿಂತಿತು. "ತಟ್ಟೆ ಹೇಗೆ ಹಿಡೀತೀಯಾ?" ಅವನು ಬಾಗಿದ. ಕಂಕುಳಲ್ಲಿ ಪರ್ ಎಂದಿತು.

"ಎಲ್ಲಾ ಕೋಟೂ ಹೀಗೇ ಇದೆ. ಶನಿವಾರದೊಳಗೆ ಸರಿ ಮಾಡಿಕೊಡಿ. ಇಲ್ಲಾಂದ್ರೆ ಉಳಿದಿದ್ದನ್ನ ಫ್ಯಾಕ್ಟರಿಗೆ ಕೊಡ್ತೀವಿ, ಬೇಜಾರು ಮಾಡ್ಕೋಬೇಡಿ."

ಅವರು ಕೋಟುಗಳನ್ನೆಲ್ಲ ಅಲ್ಲೇ ಬಿಟ್ಟು ಬೆನ್ನು ತಿರುಗಿಸಿದ್ದೇ ತಡ, ಅತ್ತೆ ಮಹಾರಾಯನ ಮೇಲೆ ಹರಿಹಾಯ್ದಳು. "ನೋಡಿದ್ಯಾ ನಿನ್ನ ಗೆರೆ? ಇದೇನು ಕೋಟೋ, ದಿಂಬಿನ ಚೀಲವೋ?" ಮಗಳು ಕೋಟನ್ನು ಕ್ಯಾಮರಾದ ಮುಂದೆ ಹಿಡಿದಳು. ದನಿ ಎಂದಿನ ಶಾಂತಿಯಲ್ಲಿ ಹೇಳಿತು: "ಕತ್ತರಿಸಿರುವುದು ಅಳತೆಗೆ ಸರಿಯಾಗಿದೆ. ಎಲ್ಲ ಜೋಡಣೆಗಳಲ್ಲೂ ಹೊಲಿಗೆ ಅಗತ್ಯಕ್ಕಿಂತ ಅರ್ಧ ಬೆರಳು ಒಳಗೆ ಬಿದ್ದಿದೆ. ನಿಮ್ಮ ಬೇಸರ ನನಗೆ—"

"ಬಾಯಿ ಮುಚ್ಚು!"

ಅತ್ತೆಯ ತಲೆ ಸಿಡಿದು ಹೋಯಿತು. ಇಷ್ಟು ವರ್ಷದಲ್ಲಿ ಅವಳ ಹೊಲಿಗೆ ಬಿಚ್ಚಬೇಕಾಗಿ ಬಂದದ್ದಿಲ್ಲ. ಬೀದಿಯ ಇತರ ದರ್ಜಿಗಳ ಹೊಲಿಗೆಯನ್ನು ಅವಳು ಎಷ್ಟು ಆಡಿಕೊಂಡಿದ್ದಳೆಂದರೆ, ಅವರು ಅವಳೆದುರು ತಮ್ಮದೇ ಅಂಗಿ ಹಾಕಿಕೊಂಡು ಓಡಾಡಲು ಹೆದರುತ್ತಿದ್ದರು. ಈಗ ಕಂಬಕ್ಕೆ ಅಂಟಿಸಿದ ಡಬ್ಬಿಯೊಂದು ಅವಳಿಗೆ ಪಾಠ ಹೇಳುತ್ತಿದೆ.

"ಅಣ್ಣ, ನೀನೇ ಒಂದು ಕೋಟು ಕತ್ತರಿಸು. ಆ ದೀಪ ಆರಿಸಿ, ನಿನ್ನ ಕೈಯಾರೆ. ನಾನು ಹೊಲೀತೀನಿ. ತಪ್ಪು ನನ್ನದೇ ಆಗಿದ್ರೆ ಇನ್ಮೇಲೆ ಈ ಹೊಲಿಗೆ ಮಿಷನ್ ಮುಂದೆ ಕೂರಲ್ಲ."

"ಬೇಡ ಬಿಡೇ," ಎಂದ ಅಣ್ಣ. "ಅದಕ್ಕೇನು ಗೊತ್ತು."

"ಬೇಡ ಅನ್ನೋಕೆ ನಿಂಗೇನಾಗಿದೆ? ಕತ್ತರಿಸು ಅಂದ್ರೆ ಕತ್ತರಿಸು!"

ಅಣ್ಣ ದೀಪ ಆರಿಸಿದ. ದಪ್ಪ ಚಾಕ್ ಹಿಡಿದು, ಮೂಗು ಬಟ್ಟೆಗೆ ತಾಗುವಷ್ಟು ಬಾಗಿ ಗೆರೆ ಎಳೆದು ಕತ್ತರಿಸಿದ. ಅತ್ತೆ ಹೊಲಿದಳು. ಬಡಿಸುವವನನ್ನು ಮತ್ತೆ ಕರೆಸಿ ತೊಡಿಸಿದರೆ ಕೋಟು ಮೈಗೆ ಹೇಳಿ ಮಾಡಿಸಿದ ಹಾಗಿತ್ತು. ಅವನು ಎರಡೂ ಕೈ ಮೇಲೆತ್ತಿ ಇಲ್ಲದ ತಟ್ಟೆಗಳನ್ನು ಹಿಡಿದು ಅಂಗಡಿಯ ತುಂಬ ಓಡಾಡಿದ.

"ನೋಡ್ದಾ?" ಎಂದಳು ಅತ್ತೆ ಕಂಬದ ಕಡೆ ತಿರುಗಿ. ಗೆದ್ದ ಖುಷಿಯಲ್ಲಿ ಅವಳಿಗೆ ಅಣ್ಣನ ಮುಖ ಕಾಣಲಿಲ್ಲ.

ಮಗಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಹೊಲಿದ ಕೋಟನ್ನು ಒಳಹೊರಗು ಮಾಡಿ ಮಹಾರಾಯನಿಗೆ ತೋರಿಸಿದಳು. ಹೊಲಿಗೆ ಇದರಲ್ಲೂ ಅರ್ಧ ಬೆರಳು ಒಳಗೇ ಇತ್ತು. ಆದರೆ ಬಟ್ಟೆಯನ್ನು ಪ್ರತಿ ಅಂಚಿನಲ್ಲೂ ಅರ್ಧ ಬೆರಳು ಹೆಚ್ಚಾಗಿ ಬಿಟ್ಟು ಕತ್ತರಿಸಲಾಗಿತ್ತು.

"ಅಪ್ಪ, ಇದೇನಿದು? ಕಣ್ಣು ಕಾಣದೆ ಆಯ್ತಾ?"

ಅಣ್ಣ ಚಾಕ್ ಪುಡಿಯನ್ನು ಮೇಜಿನಿಂದ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಅತ್ತೆಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು.

"ಯಾವಾಗಿಂದ ಹೀಗೆ ಜಾಸ್ತಿ ಬಿಡ್ತಿದ್ದೀಯ?"

"ನೀನು ಕೂತಾಗಿಂದ."

ಅವಳು ಆ ಮಿಷನ್ ಮುಂದೆ ಕೂತದ್ದು ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದ ವರ್ಷ. ಆಗ ಅವಳಿಗೆ ಯಾರು ಏನು ಹೇಳಿದರೂ ಕಣ್ಣು ತುಂಬುತ್ತಿತ್ತು. ನೀರು ಕುಡಿದೆಯಾ ಎಂದು ಕೇಳಿದರೂ ಅಳುತ್ತಿದ್ದಳು.

"ಹೇಳೋದಕ್ಕೇನಾಗಿತ್ತು ನಿಂಗೆ?"

"ಹೇಳಿದ್ರೆ ಎದ್ದು ಹೋಗ್ತಿದ್ದೆ. ಮತ್ತೆ ಕೂರ್ತಿರಲಿಲ್ಲ."

"ಆಮೇಲೆ? ಆಮೇಲೆ ಹೇಳಬಹುದಿತ್ತಲ್ಲ? ಊರೋರ ಹೊಲಿಗೆಗೆಲ್ಲ ಹೆಸರಿಡ್ತಾ ಕೂತಿದ್ದೆ ನಾನು! ನೀನು ಒಳಗೊಳಗೇ ನಗ್ತಿದ್ಯಾ?"

"ನಗ್ತಿರಲಿಲ್ಲ ಕಣೇ. ಆಮೇಲೆ ಮರೆತೇ ಹೋಯ್ತು. ಕೈಗೆ ರೂಢಿಯಾಯ್ತು."

ಅತ್ತೆಗೆ ಅಳಬೇಕೋ ಕತ್ತರಿ ಎಸೆಯಬೇಕೋ ತಿಳಿಯಲಿಲ್ಲ. ನಡುವೆ ಮಗಳು ಉತ್ಸಾಹದಿಂದ, "ಇಷ್ಟೇ ತಾನೇ? ಅತ್ತೆ ಹೀಗೇ ಹೊಲಿಯೋದು ಅಂತ ಒಂದು ಮಾತು ಹೇಳಿದ್ರೆ ಮಹಾರಾಯನೂ ಅರ್ಧ ಬೆರಳು ಜಾಸ್ತಿ ಬಿಡುತ್ತೆ. ಯಾರೂ ಏನೂ ಬದಲಾಯಿಸೋದು ಬೇಡ," ಎಂದಳು.

"ಇನ್ನು ಅದೂ ನನ್ನನ್ನ ಹೊಟ್ಟೆಗೆ ಹಾಕಿಕೊಳ್ಳಬೇಕಾ? ಒಬ್ಬ ಸಾಲದಾ?"

ಅತ್ತೆ ಎದ್ದು ಹೋದಳು. ಬಾಗಿಲವರೆಗೆ ಹೋಗಿ ನಿಂತಳು. ಕೂರಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾಗಿತ್ತು. ಅಣ್ಣ ಒಳಗೆ ರಾಶಿ ಬಿದ್ದಿದ್ದ ಬಿಗಿ ಕೋಟುಗಳಲ್ಲಿ ಒಂದನ್ನು ಎತ್ತಿಕೊಂಡು ಬೆರಳಲ್ಲಿ ತಡವಿ ಹೊಲಿಗೆ ಬಿಚ್ಚಲು ಹೊರಟ. ಕಣ್ಣು ಕಾಣದೆ ಬ್ಲೇಡನ್ನು ದಾರಕ್ಕೆ ಬದಲು ಬಟ್ಟೆಗೇ ಇಟ್ಟಿದ್ದ.

"ಕೊಡಿಲ್ಲಿ!" ಎಂದು ಅತ್ತೆ ಓಡಿಬಂದು ಕಿತ್ತುಕೊಂಡಳು. "ಅದನ್ನೂ ಹಾಳು ಮಾಡು."

ಒಳಗೆ ಹೆಚ್ಚು ಬಟ್ಟೆ ಮಡಿಸಿ ಹೊಲಿದಿದ್ದರಿಂದಲೇ ಬಿಚ್ಚಿ ಬಿಡಿಸಲು ಜಾಗವಿತ್ತು. ಅತ್ತೆ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ಹೊಲಿಗೆ ಮತ್ತೆ ಒಳಗೆ ಸರಿಯದಿರಲೆಂದು ಮಿಷನ್ನಿನ ತಗಡಿನ ಮೇಲೆ ಗುರುತಿಗೆ ಒಂದು ಪಟ್ಟಿ ಅಂಟಿಸಿಕೊಂಡು, ಕಲಿಯುವವಳ ಹಾಗೆ ನಿಧಾನವಾಗಿ ಹೊಸ ಹೊಲಿಗೆ ಹಾಕಿದಳು. ಒಂದೊಂದು ಕೋಟು ಮುಗಿದಾಗಲೂ ಮಹಾರಾಯ "ಈಗ ಸರಿಯಾಗಿದೆ, ಅಭಿನಂದನೆಗಳು" ಎನ್ನುತ್ತಿತ್ತು. ಅಣ್ಣನೊಂದಿಗೆ ಅವಳು ಮಾತೇ ಆಡಲಿಲ್ಲ. ಗುಂಡಿ ಬೇಕಾದರೆ ಮಗಳ ಮೂಲಕ ಕೇಳುತ್ತಿದ್ದಳು.

ಶನಿವಾರ ಮ್ಯಾನೇಜರು ಬಂದು ನೋಡಿ ಖುಷಿಯಾದರು. ಉಳಿದ ಕೆಲಸವೂ ನಿಮಗೇ ಎಂದರು. ಹೊರಡುವಾಗ, "ನನಗೂ ಒಂದು ಕೋಟು. ಯಜಮಾನರೇ, ನೀವೇ ಕೈಯಾರೆ ಕತ್ತರಿಸಬೇಕು," ಎಂದರು.

ಅಣ್ಣನ ಮುಖ ಅರಳಿತು. ಬೆಳಕಿನ ಗೆರೆ ಆರಿಸಿದ. ಬೆಲೆಬಾಳುವ ಬಟ್ಟೆಯನ್ನು ಹಾಸಿ ಬಹಳ ಹೊತ್ತು ಬಾಗಿ ನಿಂತು ಕತ್ತರಿಸಿ, ಮಡಿಸಿ, ತಂಗಿಯ ಮುಂದಿಟ್ಟ.

ಅತ್ತೆ ಬಿಡಿಸಿ ನೋಡಿದಳು. ಎದೆಯ ಎಡಭಾಗದಲ್ಲಿ ಕತ್ತರಿ ಗೆರೆ ಬಿಟ್ಟು ಒಳಗೆ ಸರಿದಿತ್ತು. ಸರಿಯಾದ ಅಳತೆಗೆ ಕತ್ತರಿಸಿದ್ದರೆ ಬಟ್ಟೆ ಅಲ್ಲಿಗೇ ಕೆಟ್ಟುಹೋಗಿರುತ್ತಿತ್ತು. ಆದರೆ ಅಷ್ಟೆಲ್ಲ ರಂಪವಾದ ಮೇಲೂ ಆ ಕೈ ರೂಢಿ ಬಿಟ್ಟಿರಲಿಲ್ಲ. ಅಂಚಿನುದ್ದಕ್ಕೂ ಅವಳಿಗಾಗಿ ಅರ್ಧ ಬೆರಳು ಹೆಚ್ಚೇ ಬಿಟ್ಟಿತ್ತು. ಸರಿದ ಕಡೆ ಹೊಲಿಗೆಯನ್ನು ಅಂಚಿಗೆ ತಂದು, ಉಳಿದ ಕಡೆ ಒಳಗೆ ಹಾಕಿದರೆ ಕೋಟು ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೇಗಿದೆ ಕಟಿಂಗ್?" ಎಂದ ಅಣ್ಣ. ಚಾಕ್ ಇನ್ನೂ ಅವನ ಕೈಯಲ್ಲೇ ಇತ್ತು.

"ಎಡಭಾಗದಲ್ಲಿ ಕತ್ತರಿಸಿರುವುದು—" ಎಂದು ಕಂಬ ಶುರುಮಾಡಿತು. ಅತ್ತೆ ಕೂತಲ್ಲಿಂದಲೇ ಬಾಗಿ ಅದರ ವೈರನ್ನು ಗೋಡೆಯಿಂದ ಕಿತ್ತಳು.

"ಏನಂತೆ ಅದು?"

"ಏನಿಲ್ಲ. ನನ್ನ ಬೇಸರ ಅರ್ಥವಾಗುತ್ತಂತೆ." ಇಷ್ಟು ದಿನ ಅಣ್ಣನನ್ನು ಶಪಿಸಿದ ಬಾಯಿ ಇದೇನಾ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು. "ಕಟಿಂಗ್ ಯಾವಾಗಿನ ಹಾಗೇ ಇದೆ, ಇನ್ನು ಹೇಗಿರುತ್ತೆ? ನಾಳೇನೇ ಆ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಆಪರೇಷನ್‌ಗೆ ದಿನ ಗೊತ್ತುಮಾಡ್ಕೊಂಡು ಬಾ, ಸುಮ್ನೆ ನನ್ನ ತಲೆ ತಿನ್ನಬೇಡ," ಎಂದು ಸಿಡುಕಿ, ತಗಡಿಗೆ ಅಂಟಿಸಿದ್ದ ಗುರುತಿನ ಪಟ್ಟಿಯನ್ನು ಕಿತ್ತು ಮಿಷನ್ ತುಳಿದಳು.