ದವನದ ಬೀಜ

ತೆಂಗಳಿಯ ನೀಲಾಬಾಯಿ ದವನ ಕೇಳಿದವರಿಗೆ ಇಲ್ಲ ಎಂದವಳಲ್ಲ, ಬೀಜ ಕೇಳಿದವರಿಗೆ ಹೂಂ ಎಂದವಳೂ ಅಲ್ಲ. ಗುಡಿಗೆ, ಮಠಕ್ಕೆ, ಮದುವೆಯ ಹಾರಕ್ಕೆ, ಬಾಣಂತಿಯ ತಲೆದಿಂಬಿಗೆ ಎಷ್ಟು ಬೇಕಾದರೂ ಕೊಯ್ದು ಕೊಡುತ್ತಿದ್ದಳು. ಬೀಜ ಎಂದ ಕೂಡಲೇ ಮುಖ ಬಿಗಿದುಕೊಳ್ಳುತ್ತಿತ್ತು. “ಬೀಜ ಕೊಟ್ಟ ಮ್ಯಾಲ ನನ್ನ ಬಾಗಲಿಗೆ ಯಾರು ಬರ್ತೀರವ್ವಾ?” ಎಂದು ಕೇಳಿದವರ ಮುಖಕ್ಕೇ ಹೊಡೆದಂತೆ ಹೇಳುತ್ತಿದ್ದಳು.

ಆಕೆ ಹೇಳುತ್ತಿದ್ದುದರಲ್ಲಿ ಸುಳ್ಳೇನಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅಣ್ಣ ಗುರುಲಿಂಗಪ್ಪನ ಮನೆಗೆ ಬಂದಾಗ ಆಕೆಯ ಸೆರಗಿನ ಗಂಟಿನಲ್ಲಿದ್ದದ್ದು ಗಂಡನ ಮನೆಯ ಒಂದು ಹಿಡಿ ದವನದ ಬೀಜ, ಅಷ್ಟೇ. ಬಾವಿಯ ಪಕ್ಕದ ನಾಲ್ಕು ಗುಂಟೆ ತೋರಿಸಿ ಅಣ್ಣ, “ಏನರ ಹಾಕ್ಕೋ, ಮನಸ್ಸಿಗೊಂದು ಕೆಲಸ ಬೇಕಲ್ಲ” ಎಂದಿದ್ದ. ಅಂದಿನಿಂದ ಇಪ್ಪತ್ತು ವರ್ಷ ಆ ನಾಲ್ಕು ಗುಂಟೆಯೇ ಆಕೆಯ ಸಂಸಾರವಾಗಿತ್ತು. ಹಣೆಯಲ್ಲಿ ಕುಂಕುಮವಿಲ್ಲದ ಹೆಂಗಸನ್ನು ಊರು ಹುಡುಕಿಕೊಂಡು ಬರಲು ಬೇರೆ ಯಾವ ಕಾರಣವಿತ್ತು?

ದವನ ಕಾಣುವುದಕ್ಕೆ ಕಸದ ಗಿಡದಂತಿದ್ದರೂ ಸಾಕುವುದು ಎಳೆಗೂಸನ್ನು ಸಾಕಿದ ಹಾಗೆ. ಎರೆಮಣ್ಣು ಅದಕ್ಕೆ ಒಗ್ಗುವುದಿಲ್ಲ. ಹಳ್ಳದ ಮರಳು, ಕುರಿಗೊಬ್ಬರ ಹೊತ್ತು ತಂದು ನೆಲವನ್ನು ಹಗುರ ಮಾಡಬೇಕು. ದೀಪಾವಳಿ ಕಳೆದ ಮೇಲೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಬೆಚ್ಚಗಿಟ್ಟು, ಬೂದಿಯಲ್ಲಿ ಕಲಸಿ ಸಸಿಮಡಿಯ ಮೇಲೆ ಉದುರಿಸಬೇಕು. ನೀರನ್ನು ಸುರಿಯುವ ಹಾಗಿಲ್ಲ, ಬೇವಿನ ಟೊಂಗೆ ಅದ್ದಿ ಚಿಮುಕಿಸಬೇಕು. ಚಳಿಗಾಲವೆಲ್ಲ ಕಳೆ ಕಿತ್ತು, ತುದಿ ಚಿವುಟಿ ಕಾದರೆ ಫಾಲ್ಗುಣದಲ್ಲಿ ಸಾಸಿವೆಯಷ್ಟು ಹಳದಿ ಮೊಗ್ಗು ಕಾಣಿಸುತ್ತದೆ, ಚೈತ್ರದ ಹುಣ್ಣಿಮೆಗೆ ಕೊಯ್ಲು. ಒಂದು ಸಾಲನ್ನು ಮಾತ್ರ ಕೊಯ್ಯದೆ ಬೀಜಕ್ಕೆ ಬಿಡಬೇಕು. ಆ ಬೀಜಕ್ಕೆ ಒಂದೇ ವರ್ಷದ ಆಯುಷ್ಯ. ಮುಂದಿನ ದೀಪಾವಳಿಗೆ ಬಿತ್ತಿದರೆ ಬಿತ್ತಿದಂತೆ, ಅದು ದಾಟಿದರೆ ಬೀಜಕ್ಕೂ ಬೀದಿಯ ಮಣ್ಣಿಗೂ ವ್ಯತ್ಯಾಸವಿಲ್ಲ. ಕಣ್ಣಿಗೆ ಮಾತ್ರ ಹೊಸದೂ ಹಳೆಯದೂ ಒಂದೇ.

ಬೀಜ ಕೊಡಬೇಕೆಂದು ನೀಲಾಬಾಯಿ ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಒಬ್ಬಳಿಗೆ, ಅಣ್ಣನ ಮಗಳು ಶರಣಬಸಮ್ಮನಿಗೆ. ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡ ಹುಡುಗಿ. ತಲೆ ಬಾಚಿದ್ದು, ಭೇದಿಯಾದಾಗ ತೊಳೆದದ್ದು, ದೊಡ್ಡವಳಾದಾಗ ಹೆದರಿ ಅಳುತ್ತಿದ್ದವಳನ್ನು ಮಡಿಲಿಗೆ ಎಳೆದುಕೊಂಡದ್ದು ಎಲ್ಲ ನೀಲಾಬಾಯಿಯೇ. ಹುಡುಗಿ ಆಕೆಯನ್ನು ನೀಲತ್ತಿ ಎಂದು ಕರೆಯುತ್ತಿದ್ದಳು. ತವರಿನಲ್ಲಿ ಆಕೆಗಿದ್ದ ತಾಯಿ ಈ ನೀಲತ್ತಿಯೇ.

ಅರವತ್ತೇಳನೆಯ ಇಸವಿಯ ವೈಶಾಖದಲ್ಲಿ ಶರಣಬಸಮ್ಮನ ಮದುವೆಯಾಯಿತು. ಗಂಡು ಸುಲೇಪೇಟದ ಹತ್ತಿರದ ಹಳ್ಳಿಯ ನಾಗೇಂದ್ರಪ್ಪ, ಚಲೋ ಮನೆತನ. ಅರಿಷಿಣ ಹಚ್ಚುವ ಹೊತ್ತಿಗೆ ಬೀಗರ ಕಡೆಯ ಹೆಂಗಸರು ಹಂದರದಲ್ಲಿ ಬಂದು ಕುಳಿತರು. ನೀಲಾಬಾಯಿ ತಾನೇ ಅರೆದ ಅರಿಷಿಣದ ಬಟ್ಟಲು ಹಿಡಿದು ಹುಡುಗಿಯ ಪಕ್ಕ ಕುಳಿತಳು. ಯಾರೂ ಏನೂ ಅನ್ನಲಿಲ್ಲ. ಅಂದವಳು ಶರಣಬಸಮ್ಮ.

“ನೀಲತ್ತಿ, ನೀ ಜರಾ ಒಳಗ ಹೋಗು. ಅವರೆಲ್ಲಾ ನೋಡ್ಲಿಕತ್ತಾರ.”

ಮೆತ್ತಗೆ ಕಿವಿಯಲ್ಲಿ ಅಂದಳು. ಕೇಳಿಸಿದ್ದು ಇಬ್ಬರಿಗೇ. ಶರಣರ ಮತದಲ್ಲಿ ಸೂತಕವಿಲ್ಲ, ಪಾತಕವಿಲ್ಲ, ಹೆಣ್ಣೆಂಬ ಭೇದವಿಲ್ಲ ಎಂದು ವರ್ಷಕ್ಕೊಂದು ಸಲ ಪುರಾಣ ಹೇಳುವ ಅಯ್ಯನವರು ಅದೇ ಹಂದರದಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಅವರಿಗೆ ತಿಳಿಯದ್ದು ಹತ್ತೊಂಬತ್ತರ ಹುಡುಗಿಗೆ ಎಲ್ಲಿಂದ ತಿಳಿಯಬೇಕು? ನೀಲಾಬಾಯಿ ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತಳು. ಹೊರಗೆ ಹೆಂಗಸರ ಹಾಡು ಕೇಳುತ್ತಿತ್ತು. ಒಲೆ ಹೊಗೆಯಾಡುತ್ತಿದ್ದುದರಿಂದ ಕಣ್ಣು ಒರೆಸಿಕೊಳ್ಳಲು ನೆಪ ಸಿಕ್ಕಿತು.

ಮೂರನೆಯ ದಿನ ಹೊರಡುವ ಮುಂಚೆ ಹುಡುಗಿ ಬಂದು ಕೊರಳಿಗೆ ಬಿದ್ದಳು. “ನೀಲತ್ತಿ, ದವನದ ಬೀಜ ಕಟ್ಟಿ ಕೊಡು. ತವರಮನಿ ಬೀಜ ತಗೊಂಡು ಬಾ ಅಂತ ನಮ್ಮ ಗಂಡನ ಮನಿ ಅವ್ವಾರು ಹೇಳ್ಯಾರ.”

ನೀಲಾಬಾಯಿ ಒಳಗೆ ಹೋದಳು. ಕೋಣೆಯ ಗೂಡಿನಲ್ಲಿ ಎರಡು ಕುಡಿಕೆಗಳಿದ್ದವು. ಒಂದರಲ್ಲಿ ಆ ಚೈತ್ರದ ಬೀಜ, ಇನ್ನೊಂದರಲ್ಲಿ ಎಸೆಯಲು ಮನಸ್ಸಾಗದೆ ಉಳಿಸಿದ ಹೋದ ವರ್ಷದ್ದು. ಆಕೆಯ ಕೈ ಹಳೆಯದಕ್ಕೆ ಹೋಯಿತು. ತಪ್ಪಿ ಹೋಗಲಿಲ್ಲ, ನೋಡಿ, ತಿಳಿದೇ ಹೋಯಿತು. “ಚಲೋ ಬೀಜ ಅದ, ಜ್ವಾಕಿ” ಎಂದು ಹೇಳಿ ಹುಡುಗಿಯ ಸೆರಗಿಗೆ ಗಂಟು ಹಾಕಿದಳು. ನನ್ನನ್ನು ಒಳಗೆ ಕಳಿಸಿದವಳ ಮನೆಯಲ್ಲಿ ನನ್ನ ದವನ ಏಕೆ ಬೆಳೆಯಬೇಕು ಎಂಬ ಹೊಟ್ಟೆಯುರಿ ಅದು. ಬೇರೆ ಹೆಸರು ಕೊಟ್ಟು ಅದನ್ನು ಚಂದ ಮಾಡುವ ಅಗತ್ಯವಿಲ್ಲ.

ಆ ಪಂಚಮಿಗೆ ಹುಡುಗಿ ತವರಿಗೆ ಬಂದಳು. ಜೋಕಾಲಿಯಾಡಿದಳು, ನೀಲತ್ತಿಯ ಕೈಯ ಉಂಡಿ ತಿಂದಳು, ದೀಪಾವಳಿ ಮುಗಿದ ಕೂಡಲೇ ಬೀಜ ಹಾಕುತ್ತೇನೆಂದಳು. ಆಗಲಾದರೂ ಬದಲಾಯಿಸಿ ಕೊಡಬಹುದಿತ್ತು. ಮೊದಲು ಆಕೆ ತಪ್ಪಾಯಿತು ಅನ್ನಲಿ ಎಂದು ನೀಲಾಬಾಯಿ ಕಾದಳು. ಹುಡುಗಿಗೆ ಅರಿಷಿಣದ ದಿನದ ಮಾತು ನೆನಪೇ ಇರಲಿಲ್ಲ. ನೆನಪಿಲ್ಲದವಳು ತಪ್ಪಾಯಿತು ಎಂದು ಹೇಗೆ ಅಂದಾಳು?

ಮರುವರ್ಷದ ಪಂಚಮಿಗೆ ಶರಣಬಸಮ್ಮ ಬರಲಿಲ್ಲ. ದಸರೆ ಮುಗಿಸಿ ಗುರುಲಿಂಗಪ್ಪ ತಾನೇ ಮಗಳನ್ನು ನೋಡಿಕೊಂಡು ಬಂದ. ಕಟ್ಟೆಯ ಮೇಲೆ ಕುಳಿತು ರುಮಾಲು ಬಿಚ್ಚುತ್ತ ಹೇಳಿದ: “ಆರಾಮ ಇದ್ದಾಳ. ಉಂಡು ತಿನ್ನಲಿಕ್ಕ ಕಮ್ಮಿ ಇಲ್ಲ. ಆದ್ರ ಬೀಜದ ಚೀಲ ಮುಟ್ಟಲಿಕ್ಕ ಬಿಡೂದಿಲ್ಲಂತ.”

“ಯಾಕ?”

“ಅವರ ಮನ್ಯಾಗ ಒಂದು ಪದ್ಧತಿ ಅದ. ಹೊಸಾ ಸೊಸಿ ತವರಿನ ಬೀಜ ತಂದು ಒಂದು ಮಡಿ ಹಾಕಬೇಕು. ಅದು ಹ್ಯಾಂಗ ನಾಟತದ, ಹಂಗ ಆಕಿ ಕೈಗುಣ ಅಂತ. ನಮ್ಮಾಕಿ ಹಾಕಿದ ಮಡ್ಯಾಗ ಒಂದು ಕಡ್ಡಿನೂ ಏಳಲಿಲ್ಲ. ಜ್ವಾಳದ ಬಿತ್ತಿಗೆಗೆ ಎಲ್ಲಾರೂ ಹೊಲಕ್ಕ ಹೋದರ ಆಕಿನ್ನ ಮನ್ಯಾಗ ಸಗಣಿ ಬಳೀಲಿಕ್ಕ ಬಿಟ್ಟಿದ್ರು. ಅವಳ ನಸೀಬ, ಏನ್ ಮಾಡ್ಲಿಕ್ಕ ಬರ್ತದ.”

ದವನವಿಲ್ಲದೆ ಹುಡುಗಿ ಒಂದು ವರ್ಷ ಸಪ್ಪಗಾಗಲಿ ಎಂದಷ್ಟೇ ನೀಲಾಬಾಯಿ ಬಯಸಿದ್ದು. ಬಾಳುವೆಯೇ ಸಪ್ಪಗಾಗಲಿ ಎಂದಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ತಂದು ಅಂಟಿಸುತ್ತೇನೆ ಎಂದು ಆಕೆ ಹೊರಟಳು. ದೀಪಾವಳಿ ಮುಗಿದ ಮೂರನೆಯ ದಿನ ಆ ಚೈತ್ರದ ಬೀಜವನ್ನು, ತನ್ನ ಮಡಿಗೂ ಒಂದು ಚಿಟಿಕೆ ಉಳಿಸದೆ ಅಷ್ಟನ್ನೂ ಕಟ್ಟಿಕೊಂಡು ಸುಲೇಪೇಟದ ಬಸ್ಸು ಹತ್ತಿದಳು.

ಬೀಗತಿ ಅಮೃತಮ್ಮ ಕೆಟ್ಟ ಹೆಂಗಸಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆಕೆ ದುಂಡನೆಯ ಮುಖದ, ನಗುನಗುವ ಹೆಂಗಸು. “ಬರ್ರಿ ನೀಲಾಬಾಯಿ, ಕುಂದ್ರಿ” ಎಂದು ಕಾಲಿಗೆ ನೀರು ಕೊಟ್ಟಳು, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಎರಡನೆಯ ಮಗನಿಗೆ ಆ ವರ್ಷವೇ ಮದುವೆಯಾಗಿತ್ತು. ಕಿರಿಯ ಸೊಸೆ ಸುಂದರಬಾಯಿ ಹದಿನೇಳರ ಪೋರಿ, ಬಂದವರೆದುರು ಸೆರಗಿನಲ್ಲಿ ನಗುತ್ತಿದ್ದಳು. ಶರಣಬಸಮ್ಮ ಮಾತ್ರ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ನೀಲತ್ತಿಯನ್ನು ಕಂಡು ಎದ್ದು ಬಂದಳೇ ಹೊರತು ಕೊರಳಿಗೆ ಬೀಳಲಿಲ್ಲ.

ನೀಲಾಬಾಯಿ ಆಕೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಹಳೆಯ ಕುಡಿಕೆ, ಅರಿಷಿಣದ ದಿನ, ತನ್ನ ಹೊಟ್ಟೆಯುರಿ, ಯಾವುದನ್ನೂ ಬಿಡಲಿಲ್ಲ.

ಶರಣಬಸಮ್ಮ ಕೈಯ ಸಗಣಿ ನೋಡಿಕೊಂಡಳು. “ಬರೇ ಅಷ್ಟಕ್ಕೇ?” ಎಂದಳು. “ಒಂದು ಮಾತಿಗೇ ಹಿಂಗ ಮಾಡಿದಿ ಏನು, ನೀಲತ್ತಿ? ನಾ ಒಂದೂವರಿ ತಿಂಗಳ ಆ ಬರೇ ಮಣ್ಣಿಗೆ ನೀರು ಚಿಮುಕಿಸೀನಿ. ಇವತ್ತು ಏಳ್ತದ, ನಾಳಿಗಿ ಏಳ್ತದ ಅಂತ. ಎಲ್ಲಾರೂ ನಕ್ಕರು.”

“ತಪ್ಪಾಗ್ಯಾದ, ನನ್ನವ್ವ. ಮಾಫ್ ಮಾಡು. ನಿಮ್ಮ ಅವ್ವಾರ ಮುಂದೂ ಹೇಳ್ತೀನಿ, ಬಾ.”

ಹೇಳಿದಳು ಕೂಡ. ಬೀಗರ ಪಡಸಾಲೆಯಲ್ಲಿ ನಿಂತು ತಾನು ಮಾಡಿದ ದ್ರೋಹವನ್ನು ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ. ಅಮೃತಮ್ಮ ಎಲ್ಲ ಕೇಳಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಕ್ಕಳು.

“ಹಡದ ತಾಯಿನೂ ಇಷ್ಟು ಮಾಡೂದಿಲ್ಲ ನೋಡ್ರಿ. ಮಗಳ ಹೆಸರು ಉಳೀಲಿ ಅಂತ ತಪ್ಪು ತನ್ನ ಮ್ಯಾಲ ಹಾಕ್ಕೊಂಡು ಬಂದೀರಿ.”

“ಇಲ್ರೀ ಬೀಗತಿ, ಖರೇನೇ ಹೇಳ್ಲಿಕತ್ತೀನಿ. ಬೀಜ ಸತ್ತದ್ದಿತ್ತು.”

“ಇರಲಿ ಬಿಡ್ರಿ. ಕುಣೀಲಿಕ್ಕ ಬಾರದಾಕಿ ನೆಲ ಡೊಂಕ ಅಂದ್ಳಂತ. ಕೂಸಿನಂಗ ಸಾಕಿದಾಕಿಗೆ ಯಾರರ ಸತ್ತ ಬೀಜ ಕಟ್ಟತಾರ? ಕೊರಳಾಗಿನ ಈ ಲಿಂಗಪ್ಪ ಬಂದು ಹೇಳಿದ್ರೂ ನಾ ನಂಬೂದಿಲ್ಲ.”

ನೀಲಾಬಾಯಿ ಬೀಜದ ಗಂಟನ್ನು ಆಕೆಯ ಮುಂದಿಟ್ಟಳು. “ನಂಬಬ್ಯಾಡ್ರಿ. ಇದು ಈ ವರ್ಷದ್ದು. ಶರಣಮ್ಮನ ಕೈಲೇ ಹಾಕಸ್ರಿ. ನೋಡ್ರಿ ಆಮ್ಯಾಲ.”

ಅಮೃತಮ್ಮ ಗಂಟನ್ನು ಮೂಸಿ ನೋಡಿದಳು, ಯೋಚಿಸಿದಳು. ನ್ಯಾಯದ ಹೆಂಗಸು. “ಬರೋಬರ್ ಅದ. ಸುಂದರಬಾಯಿದೂ ಮಡಿ ಹಾಕೂದು ಅದ, ಆಕಿ ತವರಾಗ ದವನ ಇಲ್ಲ. ಅರ್ಧ ಆಕಿ ಹಾಕಲಿ, ಅರ್ಧ ಈಕಿ ಹಾಕಲಿ. ಏನವಾ ಶರಣಮ್ಮ?”

ಇದಕ್ಕಿಂತ ಹೆಚ್ಚಿನದೇನು ಬೇಕಿತ್ತು? ನೀಲಾಬಾಯಿಗೆ ಹೋದ ಜೀವ ಬಂದಂತಾಯಿತು. ಆದರೆ ಶರಣಬಸಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಬ್ಯಾಡ್ರಿ ಅವ್ವಾರ. ನಾ ಮುಟ್ಟಂಗಿಲ್ಲ.”

“ನೋಡ್ರಿ, ತನ್ನ ಕೈ ತನಗೇ ಗೊತ್ತದ ಆಕಿಗೆ” ಎಂದು ಅಮೃತಮ್ಮ ನಿಟ್ಟುಸಿರು ಬಿಟ್ಟು ಎದ್ದಳು.

ನೀಲಾಬಾಯಿ ಹುಡುಗಿಯ ರೆಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. “ಹುಚ್ಚಿ, ಯಾಕ ಒಲ್ಲೆ ಅಂದಿ? ಹಾಕಿದ್ರ ಏಳ್ತಿತ್ತಲ್ಲ! ಚಲೋ ಬೀಜ ಅದ, ನನ್ನಾಣಿ.”

ಶರಣಬಸಮ್ಮ ನಿಧಾನವಾಗಿ ಕೈ ಬಿಡಿಸಿಕೊಂಡಳು. “ಅವತ್ತೂ ಚಲೋ ಬೀಜ ಅಂತಲೇ ಸೆರಗಿಗೆ ಗಂಟು ಹಾಕಿದ್ದಿ, ನೀಲತ್ತಿ. ಇನ್ನೊಂದು ಸಲ ಏಳಲಿಲ್ಲಂದ್ರ ನಾ ಈ ಮನ್ಯಾಗ ಎಲ್ಲಿ ನಿಂದರಲಿ?”

ನೀಲಾಬಾಯಿ ನಿಜ ಹೇಳಿದಳು ಎಂದು ಇಡೀ ಲೋಕದಲ್ಲಿ ನಂಬಿದವಳು ಇವಳೊಬ್ಬಳೇ. ನಂಬಿದ್ದರಿಂದಲೇ ಇನ್ನು ನಂಬಲಾರಳು.

ಬೀಜವನ್ನೆಲ್ಲ ಸುಂದರಬಾಯಿ ಹಾಕಿದಳು. ಅದೂ ನೆಟ್ಟಗೆ ಹಾಕಲಿಲ್ಲ. ನಗುತ್ತ, ಬೂದಿ ಸರಿಯಾಗಿ ಕಲಸದೆ, ಒಂದು ಕಡೆ ರಾಶಿ, ಒಂದು ಕಡೆ ಬಯಲು ಮಾಡಿ ಉದುರಿಸಿದಳು. “ನೀಲಾಬಾಯಿ, ನಾಲ್ಕು ದಿನ ಇದ್ದು ನೀರಿನ ಹದ ತೋರಿಸಿ ಹೋಗ್ರಿ” ಎಂದು ಅಮೃತಮ್ಮ ಹಿಡಿದು ನಿಲ್ಲಿಸಿದಳು. ದಿನವೂ ಮುಂಜಾನೆ ಸಂಜೆ ನೀಲಾಬಾಯಿ ಬೇವಿನ ಟೊಂಗೆ ಹಿಡಿದು ಆ ಮಡಿಯ ಮುಂದೆ ಕುಳಿತಳು. ಇಪ್ಪತ್ತು ವರ್ಷ ಏಳಲಿ ಏಳಲಿ ಎಂದು ಬೇಡಿಕೊಂಡ ಬೀಜವನ್ನು ಈಗ ಏಳಬೇಡ, ನನ್ನಪ್ಪಾ, ಏಳಬೇಡ ಎಂದು ಬೇಡಿಕೊಂಡಳು. ಚಿಮುಕಿಸುವ ಬದಲು ಒಂದು ಕೊಡ ನೀರು ಸುರಿದರೆ ಮುಗಿಯಿತು, ಕಾಳು ತೇಲಿ ಹೋಗುತ್ತಿತ್ತು. ಮೂರನೆಯ ಸಂಜೆ ಕೊಡ ಎತ್ತಿದಳು ಕೂಡ. ಅಷ್ಟರಲ್ಲಿ ಸುಂದರಬಾಯಿ ಓಡಿ ಬಂದು, “ಅತ್ತಿ, ಎದ್ದಾವೇನ್ರಿ? ನಂಗ ಭಾಳ ಅಂಜಿಕಿ ಆಗ್ಲಿಕತ್ತದ” ಎಂದು ಪಕ್ಕದಲ್ಲಿ ಕುಳಿತಳು. ಇನ್ನೊಂದು ಹುಡುಗಿಯ ಕೈಯನ್ನು ಕೆಡಿಸಲು ನೀಲಾಬಾಯಿಗೆ ಆಗಲಿಲ್ಲ. ಕೊಡವನ್ನು ಕೆಳಗಿಟ್ಟಳು.

ಆರನೆಯ ಮುಂಜಾನೆ ಮಡಿ ಹಸಿರಾಗಿತ್ತು. ಒತ್ತೊತ್ತಾಗಿ, ಬೊಗಸೆಯಲ್ಲಿ ಎತ್ತುವಂತೆ ಎದ್ದಿತ್ತು. ಅಮೃತಮ್ಮ ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಸುಂದರಬಾಯಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ಅದೇ ತವರು, ಅದೇ ಬೀಜ, ಅದೇ ಮಣ್ಣು. ಕೈ ಅಂದ್ರ ಕೈ! ನಾಳಿಗಿನ ಕಡ್ಲಿ ಬಿತ್ತಿಗೆಗೆ ಮೊದಲ ಮುಷ್ಟಿ ಈಕಿದೇ” ಎಂದಳು. ಬಂದ ಹೆಂಗಸರೆಲ್ಲ ಮಡಿಯನ್ನು ಒಮ್ಮೆ, ಶರಣಬಸಮ್ಮನನ್ನು ಒಮ್ಮೆ ನೋಡಿದರು.

ಶರಣಬಸಮ್ಮ ಮಡಿಯ ಹತ್ತಿರ ಬಂದು ಬಗ್ಗಿ ನೋಡಿದಳು. ಮುಟ್ಟಲಿಲ್ಲ.

“ಈ ಸಲ ಖರೇನೇ ಚಲೋ ಬೀಜ ತಂದಿದ್ದಿ, ನೀಲತ್ತಿ” ಎಂದಳು.

ಆಮೇಲೆ ಸಗಣಿಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆ ಮನೆಯಲ್ಲಿ ಆ ಕೈಗಳಿಗೆ ಇನ್ನು ಉಳಿದಿದ್ದ ಕೆಲಸ ಅದೊಂದೇ.