ತಲೆಕೆಳಗಾದ ಗೆರೆ

"ಇಳಿಸಿ."

ನಾಲ್ಕು ಜನ ಸೇರಿ ಗೆರೆಮಾವನನ್ನು ಹಾಸಿಗೆಯಿಂದ ಆಗಲೇ ಎತ್ತಿದ್ದರು. ತಲೆಯ ಕಡೆ ಶವದ ಗಾಡಿಯ ಡ್ರೈವರು, ಕಾಲಿನ ಕಡೆ ಹೆಂಡತಿಯ ತಮ್ಮ, ನಡುವೆ ಪಕ್ಕದ ಮನೆಯ ಇಬ್ಬರು. ಎತ್ತಿದ ಭಾರವನ್ನು ಅಲ್ಲೇ ಹಿಡಿದು ನಿಲ್ಲುವುದು ಎತ್ತುವುದಕ್ಕಿಂತ ಕಷ್ಟ. ಡ್ರೈವರಿನ ಕತ್ತಿನ ನರ ಉಬ್ಬಿಕೊಂಡಿತು.

"ಏನಕ್ಕಾ ಇದು, ಈಗ?" ಎಂದ ತಮ್ಮ.

"ಇಳಿಸು ಅಂದೆ. ನಿಮ್ಮ ಭಾವಂದು ಇನ್ನೂ ಇಸಿಜಿ ತೆಗೆದಿಲ್ಲ."

ಇಳಿಸಿದರು. ಸೆಟೆದುಕೊಂಡ ಮೈ ಹಲಗೆಯ ಹಾಗೆ ಹಾಸಿಗೆಗೆ ತಾಗಿ ಮಂಚ ಒಮ್ಮೆ ಕಿರುಗುಟ್ಟಿತು. ಬಾಗಿಲ ಬಳಿ ನಿಂತಿದ್ದ ಮಗಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಅಮ್ಮ ಯಾವಾಗಲಾದರೂ ಹೀಗೇನೋ ಅಂದುಬಿಡುತ್ತಾಳೆ ಎಂಬ ಹೆದರಿಕೆ ಅವಳಿಗೆ ಇದ್ದೇ ಇತ್ತು.

"ಅಕ್ಕಾ, ಡಾಕ್ಟ್ರು ಬಂದು ನೋಡಿ ಸರ್ಟಿಫಿಕೇಟ್ ಬರ್ಕೊಟ್ಟು ಹೋದ್ರಲ್ಲ. ಮುಟ್ಟಿ ನೋಡು. ಐಸ್ ಥರ ತಣ್ಣಗಿದಾರೆ."

"ತಣ್ಣಗಿದ್ದಿದ್ದೆಲ್ಲಾ ಸತ್ತಂಗಾ?"

ತಮ್ಮನದು ಫ್ರಿಜ್ಜು ಮಾರುವ ಅಂಗಡಿ. ಅವನು ಡ್ರೈವರಿನ ಮುಖ ನೋಡಿದ.

"ಗೆರೆ ನೋಡದೆ ನನ್ನ ಕಳಿಸ್ಬೇಡ ಅಂತ ಕೈ ಹಿಡ್ಕೊಂಡು ಕೇಳಿದ್ರು. ಆಯ್ತು ಅಂದಿದೀನಿ. ಮಾತು ತಪ್ಪಿಸ್ಬೇಡಿ ನನ್ನ ಕೈಲಿ." ಅವಳು ಗೋಡೆಗೊರಗಿ ನಿಂತಿದ್ದ ಶಿಷ್ಯೆಯ ಕಡೆ ತಿರುಗಿದಳು. "ಮಂಚದ ಕೆಳಗೆ ಇದೆ. ತೆಗಿ."

ಶಿಷ್ಯೆ ಎಂದರೆ ಮನೆಯ ಹುಡುಗಿಯಲ್ಲ. ಆಸ್ಪತ್ರೆಯಲ್ಲಿ ಎಲ್ಲರ ಎದೆಬಡಿತದ ಗೆರೆ ತೆಗೆಯುತ್ತಿದ್ದ ಗೆರೆಮಾವನ ಕೈಕೆಳಗೆ ಇಸಿಜಿ ಕೋಣೆಯಲ್ಲಿ ಕೆಲಸ ಕಲಿತು, ಅವನು ನಿವೃತ್ತನಾದ ಮೇಲೆ ಅದೇ ಕುರ್ಚಿಯಲ್ಲಿ ಕೂತವಳು. ಈಗ ಅವಳ ತಲೆಯಲ್ಲೂ ಬಿಳಿ ಕೂದಲು ಬಂದಿದ್ದರೂ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಶಿಷ್ಯೆಯೇ. ಗೆರೆಮಾವನನ್ನು ಮಾವ ಎಂದಿದ್ದಕ್ಕೆ ಅವನ ಹೆಂಡತಿ ತಾನಾಗಿ ಅತ್ತೆಯಾದಳು, ಅಷ್ಟೇ ನೆಂಟಸ್ತನ.

ಅವಳು ಮಂಡಿಯೂರಿ ಮಂಚದ ಕೆಳಗೆ ಕೈ ಹಾಕಿದಳು. ಆಸ್ಪತ್ರೆ ಗುಜರಿಗೆ ಎಸೆದಿದ್ದ ಹಳೆಯ ಯಂತ್ರ. ಮಾವ ಅದನ್ನು ಹೊತ್ತು ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಹೆಂಡತಿಯ ಕೈಲಿ ಬೈಸಿಕೊಂಡು ಬದುಕಿಸಿದ್ದ. ಹೊರಗೆಳೆದಾಗ ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.

*

ಬದುಕಿರುವಾಗಲೇ ಕಳಿಸಿಬಿಟ್ಟರೆ ಎಂಬ ಮಾವನ ಹೆದರಿಕೆ ಹುಟ್ಟಿದ್ದು ಎಲ್ಲಿ ಎಂಬುದು ಶಿಷ್ಯೆಗೆ ಗೊತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾರ್ಡಿನಲ್ಲಿ ಒಬ್ಬ ಮುದುಕನ ಗೆರೆ ನೇರವಾಗಿ ಬಂದಿತ್ತು. ನಾಡಿ ಕೈಗೆ ಸಿಗುತ್ತಿರಲಿಲ್ಲ, ಮೈ ತಣ್ಣಗಿತ್ತು, ಮುಖಕ್ಕೆ ಹೊದಿಕೆ ಎಳೆದರು. ಹೊರಗೆ ಮಗ ಗೋಳೋ ಎಂದು ಅಳತೊಡಗಿದ. ಮಾವ ವೈರು ಸುತ್ತಿಕೊಳ್ಳಲೆಂದು ಹೊದಿಕೆಯ ಅಂಚು ಎತ್ತಿದರೆ ಕೈಯ ಕ್ಲಿಪ್ಪು ಮೈಬಿಟ್ಟು ಹಾಸಿಗೆಯ ಬಟ್ಟೆಯನ್ನು ಕಚ್ಚಿಕೊಂಡಿತ್ತು. ಮುದುಕ ಒದ್ದಾಡಿದ್ದನೋ ಏನೋ, ಯಾರೂ ನೋಡಿರಲಿಲ್ಲ. ಮತ್ತೆ ಹಾಕಿದಾಗ ಕಾಗದದ ಮೇಲೆ ಇರುವೆ ಹರಿದಂಥ ಸಣ್ಣ ಅಲೆ ಎದ್ದಿತು.

ಮುದುಕ ಬದುಕಿದ. ನಾಲ್ಕು ದಿನದಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಾ ಮಾವನನ್ನು ಹತ್ತಿರ ಕರೆದ. "ಒಳಗಿಂದ ಎಲ್ಲಾ ಕೇಳಿಸ್ತಿತ್ತಪ್ಪಾ. ನನ್ನ ಮಗ ಅಳೋದು, ನೀನು ಕೆಮ್ಮೋದು. ಕೂಗೋಣ ಅಂದ್ರೆ ಬಾಯಿ ನನ್ನದಲ್ಲ."

ಅವತ್ತು ಮಾವ ಊಟ ಬಿಟ್ಟ. ಆಮೇಲೆ ಅವನ ಕೆಲಸದ ರೀತಿಯೇ ಬೇರೆಯಾಯಿತು. ನೇರ ಗೆರೆ ಬಂದಾಗಲೆಲ್ಲ ಎರಡು ಸಲ, ಮೂರು ಸಲ ತೆಗೆಯುತ್ತಿದ್ದ. ನರ್ಸುಗಳು ನಗುತ್ತಿದ್ದರು. "ಮೊದ್ಲು ವೈರನ್ನ ಅನುಮಾನಿಸು ಕಣೇ," ಎನ್ನುತ್ತಿದ್ದ ಶಿಷ್ಯೆಗೆ. "ಮನುಷ್ಯನ್ನ ಅನುಮಾನಿಸೋದು ಕೊನೆಗೆ."

*

"ಫ್ಯಾನ್ ಆರಿಸಿ," ಎಂದಳು ಶಿಷ್ಯೆ. "ಯಾರೂ ಮಂಚ ಮುಟ್ಬೇಡಿ. ಒಂದೇ ನಿಮಿಷ."

ಫ್ಯಾನು ನಿಂತ ಮೇಲೆ ಕೋಣೆ ಚಿಕ್ಕದಾಯಿತು. ಕೆಳಗೆ ಗಾಡಿಯ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಮಗಳು ಬೆವರುತ್ತಿದ್ದಳು. ಕ್ಲಿಪ್ಪಿನ ಕೆಳಗೆ ಹಚ್ಚುವ ಕ್ರೀಮು ಟ್ಯೂಬಿನಲ್ಲೇ ಕಲ್ಲಾಗಿತ್ತು. ಅತ್ತೆ ಉಪ್ಪುನೀರಲ್ಲಿ ಬಟ್ಟೆ ಅದ್ದಿ ತಂದು ಗಂಡನ ಮಣಿಕಟ್ಟು, ಕಣಕಾಲುಗಳನ್ನು ಒದ್ದೆ ಮಾಡಿದಳು. ಕ್ರೀಮು ಮುಗಿದರೆ ಹಾಗೆ ಮಾಡಬೇಕೆಂದು ಅವನೇ ಹೇಳಿದ್ದಂತೆ.

ಶಿಷ್ಯೆ ಮೊದಲ ಕ್ಲಿಪ್ಪು ಹಾಕುವಾಗ ಬಾಯಿ ತಪ್ಪಿ, "ಸ್ವಲ್ಪ ತಣ್ಣಗಿರುತ್ತೆ, ಬೆಚ್ಚಿಬೀಳ್ಬೇಡಿ," ಎಂದುಬಿಟ್ಟಳು. ಮಾವನ ಮಾತು ಅದು, ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದದ್ದು. ಅವನ ಚರ್ಮ ಕ್ಲಿಪ್ಪಿಗಿಂತ ತಣ್ಣಗಿತ್ತು.

ಕಾಲಿನವು ಹೇಗೋ ಕಚ್ಚಿಕೊಂಡವು. ಕೈಯವು ನಿಲ್ಲಲಿಲ್ಲ. ಸ್ಪ್ರಿಂಗು ಸೋತಿತ್ತು, ಕೈಯೂ ಕಡ್ಡಿಯಾಗಿತ್ತು; ಹಾಕಿದ ಹಾಗೆಲ್ಲ ಜಾರಿ ಬೀಳುತ್ತಿದ್ದವು. ಅತ್ತೆ ಮಂಚದ ಅಂಚಿನಲ್ಲಿ ಗಂಡನ ಮುಖಕ್ಕೆ ಮುಖ ಮಾಡಿ ಕೂತು, "ಬಿಡು, ನಾನು ಹಿಡ್ಕೋತೀನಿ," ಎಂದು ಎರಡು ಮಣಿಕಟ್ಟುಗಳನ್ನೂ ಕ್ಲಿಪ್ಪುಸಮೇತ ಗಟ್ಟಿಯಾಗಿ ಹಿಡಿದಳು.

ಶಿಷ್ಯೆ ಎರಡು ಕೈಗಳ ನಡುವಿನ ಬಡಿತವನ್ನಷ್ಟೇ ತೋರಿಸುವ ಗೆರೆಗೆ ಗುಂಡಿ ತಿರುಗಿಸಿ ಒತ್ತಿದಳು. ಕಾಗದ ಹೊರಟಿತು. ಗೆರೆ ಎಳೆಯುವ ಕಾದ ಸೂಜಿ ಹಳೆಯ ಕಾಗದವನ್ನು ಸುಡುವ ವಾಸನೆ ಹಬ್ಬಿತು. ಗೆರೆ ನೇರವಾಗಿ ಬಂತು.

"ನೋಡಿದ್ಯಾ ಅಕ್ಕಾ," ಎಂದು ತಮ್ಮ ಉಸಿರುಬಿಟ್ಟ. "ಇನ್ನು ಹೊರಡೋಣ."

ಸೂಜಿ ಕೆಳಕ್ಕೆ ಹಾರಿತು.

ಟಕ್ ಎಂದು ಸಣ್ಣ ಸದ್ದು. ಆಮೇಲೆ ಇನ್ನೊಂದು. ಇನ್ನೊಂದು. ಆಮೇಲೆ ಏನೂ ಇಲ್ಲ. ಕಾಗದ ಮೊಳದಷ್ಟು ಖಾಲಿ ಹರಿಯಿತು. ಎಲ್ಲರೂ ಬಾಗಿ ನೋಡುತ್ತಿದ್ದರು. ಟಕ್.

"ಅಪ್ಪಾ!" ಎಂದು ಮಗಳು ಚೀರಿದಳು.

ಪಕ್ಕದ ಮನೆಯವರಲ್ಲಿ ಒಬ್ಬ ಹಿಂದೆ ಸರಿಯಲು ಹೋಗಿ ಕುರ್ಚಿ ಬೀಳಿಸಿದ. ತಮ್ಮ ಬಾಗಿಲ ಆಚೆ ಯಾವಾಗ ಹೋದನೋ ತಿಳಿಯಲಿಲ್ಲ, ಅಲ್ಲಿಂದ ಬರೀ ತಲೆ ತೂರಿಸಿದ. ಎಷ್ಟೋ ವರ್ಷ ಹೆಣ ಸಾಗಿಸಿದ ಡ್ರೈವರು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. "ಇಂಥದ್ದು ನಾನು ನೋಡಿಲ್ಲಪ್ಪ," ಎಂದ.

ಅತ್ತೆ ಒಬ್ಬಳೇ ಅಲುಗಲಿಲ್ಲ. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದ ಬಣ್ಣ ಬಂದಿತ್ತು. "ನಂಗೊತ್ತಿತ್ತು," ಎಂದಳು.

ಶಿಷ್ಯೆ ಮಾವನ ಮೇಲೆ ಬಾಗಿ ನೋಡಿದಳು. ಅವನ ದವಡೆ ಸೆಟೆದಿತ್ತು, ಉಗುರು ಕಪ್ಪಾಗಿತ್ತು. ಸತ್ತವನ ಮಣಿಕಟ್ಟಿನಿಂದ ಎದೆಬಡಿತ ಬರುತ್ತಿತ್ತು. ಅದೂ ತಲೆಕೆಳಗಾಗಿ, ಮೇಲಕ್ಕೆ ಏಳಬೇಕಾದ ಮೊನೆಗಳೆಲ್ಲ ಕೆಳಕ್ಕೆ ಇಳಿಯುತ್ತಿದ್ದವು.

*

"ತಲೆಕೆಳಗೆ ಬಂತಾ, ಕೈ ನೋಡು," ಎಂದು ಮಾವ ಕಲಿಸಿದ್ದ. ಎಡಗೈಯ ವೈರು ಬಲಗೈಗೆ, ಬಲಗೈಯದು ಎಡಗೈಗೆ ಹೋದರೆ ಹೃದಯ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಹೊಸಬರೆಲ್ಲ ಮಾಡುವ ಎಡವಟ್ಟು. ಶಿಷ್ಯೆಯೂ ಒಮ್ಮೆ ಮಾಡಿ, ಈ ಮನುಷ್ಯನ ಹೃದಯ ಬಲಗಡೆ ಇದೆ ಎಂದು ಇಡೀ ಆಸ್ಪತ್ರೆಗೆ ಸಾರಿ ಬಂದಿದ್ದಳು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅದೇ ಮಧ್ಯಾಹ್ನ, ಕ್ಯಾಂಟೀನಿನಲ್ಲಿ, ನಗು ನಿಂತ ಮೇಲೆ ಅವನು ಲೋಟವನ್ನೇ ನೋಡುತ್ತಾ ಕೂತಿದ್ದ. "ಊರೋರ್ದೆಲ್ಲಾ ತೆಗೆದೆ. ನಿಮ್ಮತ್ತೇದು ಒಂದು ಆಗ್ಲಿಲ್ಲ."

"ಯಾಕೆ ಮಾವ?"

"ಅವರಮ್ಮಂಗೆ ಗೆರೆ ತೆಗೆದ ಮಾರನೇ ದಿನ ಅವರಮ್ಮ ಹೋದ್ರಂತೆ. ಅವತ್ತಿಂದ ಮಷೀನು ಕಂಡ್ರೆ ಆಗಲ್ಲ. ನಾನು ಅದಕ್ಕೇ ಒಂದನ್ನ ಮನೇಲೇ ತಂದಿಟ್ಕೊಂಡೆ. ಇವತ್ತಲ್ಲ ನಾಳೆ ಕೈ ಕೊಡ್ತಾಳೇನೋ ಅಂತ." ಅವನು ದನಿ ತಗ್ಗಿಸಿದ. "ಮಾತಾಡ್ತಾ ಮಾತಾಡ್ತಾ ಒಂದೊಂದ್ಸಲ ಬೆಳ್ಳಗಾಗಿಬಿಡ್ತಾಳೆ ಕಣೇ. ನಾಡಿ ಹಿಡಿಯೋಕೆ ಹೋದ್ರೆ, ಆಸ್ಪತ್ರೆ ಬುದ್ಧಿ ಮನೇಲಿ ತೋರಿಸ್ಬೇಡಿ ಅಂತ ಕೈ ಕಿತ್ಕೋತಾಳೆ."

*

ಶಿಷ್ಯೆ ವೈರುಗಳನ್ನು ಬೆರಳಲ್ಲಿ ಹಿಡಿದು ತುದಿಯವರೆಗೂ ಹೋದಳು. ಬಲಗೈಯದು ಬಲಗೈಗೇ ಇತ್ತು, ಎಡಗೈಯದು ಎಡಗೈಗೇ. ತಪ್ಪಿರಲಿಲ್ಲ.

"ಡಾಕ್ಟರಿಗೆ ಫೋನ್ ಮಾಡ್ಲಾ?" ಎಂದಳು ಮಗಳು. "ಅಪ್ಪಂಗೆ ನಾವ್ ಮಾತಾಡೋದು ಕೇಳಿಸ್ತಿದ್ಯಾ? ಹೇಳಿ!"

ಶಿಷ್ಯೆ ತಲೆ ಎತ್ತಿದಳು. ಎದುರಿಗೆ ಅತ್ತೆ ಕೂತಿದ್ದಳು, ಒದ್ದೆ ಅಂಗೈಗಳಲ್ಲಿ ತಗಡಿನ ಕ್ಲಿಪ್ಪುಗಳನ್ನು ಅದುಮಿಕೊಂಡು. ಗಂಡನ ಎಡಗೈ ಅವಳ ಬಲಗೈಯಲ್ಲಿತ್ತು, ಬಲಗೈ ಅವಳ ಎಡಗೈಯಲ್ಲಿ. ಎದುರುಬದುರು ಕೂತವರ ಕೈ ಸಿಗುವುದೇ ಹಾಗೆ.

ಯಾರೂ ಮಂಚ ಮುಟ್ಟಬೇಡಿ ಎಂದು ಹೇಳಿ, ಮುಟ್ಟಿ ಕೂತವಳನ್ನು ಅವಳೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾವ ಇದ್ದಿದ್ದರೆ ಚೆನ್ನಾಗಿ ಉಗಿಯುತ್ತಿದ್ದ.

ಏನೂ ಹೇಳದೆ ಅವಳು ಅತ್ತೆಯ ಹಿಂದೆ ಹೋಗಿ ನಿಂತು, ಕತ್ತಿನ ಪಕ್ಕ ಎರಡು ಬೆರಳಿಟ್ಟಳು. ಕಣ್ಣು ಕಾಗದದ ಮೇಲೆ. ಬೆರಳ ಕೆಳಗೆ ಒಂದು ಬಡಿತ, ಕಾಗದದ ಮೇಲೆ ಟಕ್. ಬೆರಳ ಕೆಳಗೆ ಒಂದು, ಕಾಗದದ ಮೇಲೊಂದು. ಆಮೇಲೆ ಕತ್ತು ಸುಮ್ಮನಾಯಿತು. ಕಾಗದ ಖಾಲಿ ಹರಿಯತೊಡಗಿತು. ಹರಿಯಿತು, ಹರಿಯಿತು. ಅತ್ತೆಯ ತಲೆ ಮೆಲ್ಲಗೆ ಮುಂದಕ್ಕೆ ವಾಲಿತು. ಬಾ, ಬಾ ನನ್ನವ್ವ, ಎಂದು ಶಿಷ್ಯೆ ಮನಸ್ಸಿನಲ್ಲೇ ಕೂಗಿಕೊಂಡಳು. ಬೆರಳು ಅಲುಗಿತು. ಟಕ್.

ಅತ್ತೆ ತಲೆ ಎತ್ತಿದಳು, ಏನೂ ಆಗದವಳ ಹಾಗೆ. "ಏನೇ ಅದು, ಕತ್ತು ಹಿಸುಕ್ತೀಯಾ?"

"ಅತ್ತೆ, ಕೈ ಬಿಡಿ."

"ಬಿಡಲ್ಲ. ಹಿಡ್ಕೊಂಡಿರೋದಕ್ಕೇ ಇದಾರೆ ಅವ್ರು. ಬಿಟ್ರೆ ಹೊರಟುಬಿಡ್ತಾರೆ."

ಶಿಷ್ಯೆಗೆ ಅಳು ನುಗ್ಗಿ ಬಂತು. ತಡೆಯಲಿಲ್ಲ. ಮುಂದೆ ಬಂದು ಅತ್ತೆಯ ಮೊಣಕಾಲ ಬಳಿ ಕುಸಿದು ಕೂತಳು. "ಮಾವ ಬೆಳಿಗ್ಗೇನೇ ಹೋದ್ರು ಅತ್ತೆ. ಇದು ಅವರದ್ದಲ್ಲ. ನಿಮ್ಮದು. ನಿಮ್ಮ ಕೈಯಿಂದ ಬರ್ತಿರೋದು. ನಿಂತು ನಿಂತು ಹೊಡ್ಕೋತಿದೆ ನಿಮ್ಮ ಹೃದಯ. ಮಾವಂಗೆ ಮೊದ್ಲಿಂದಾನೂ ಅನುಮಾನ ಇತ್ತು."

ಬಾಗಿಲಲ್ಲಿದ್ದ ತಮ್ಮ ಒಳಕ್ಕೆ ಬಂದ.

ಅತ್ತೆ ಗಂಡನ ಮುಖ ನೋಡಿದಳು. ಬಾಯಿಂದ ನಗುವೋ ಅಳುವೋ ಎಂಬಂಥ ಒಂದು ಸದ್ದು ಹೊರಟಿತು.

"ಬದುಕೆಲ್ಲಾ ತಪ್ಪಿಸ್ಕೊಂಡು ಓಡಾಡ್ದೆ," ಎಂದಳು. "ಕೊನೆಗೂ ತೆಗೆದೇಬಿಟ್ರಲ್ಲ."

ಮೊದಲು ಎಡಗೈ ಬಿಟ್ಟಳು. ಸೂಜಿ ಒಮ್ಮೆ ಅಡ್ಡಾದಿಡ್ಡಿ ಕೊಸರಾಡಿತು. ಶಿಷ್ಯೆ ಜಾರುತ್ತಿದ್ದ ಕ್ಲಿಪ್ಪುಗಳನ್ನು ಕರ್ಚೀಫಿನಿಂದ ಬಿಗಿದು ಕಟ್ಟಿ ದೂರ ಸರಿದಳು. ಬಲಗೈ ಬಿಡಲು ಅತ್ತೆಗೆ ತಡವಾಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಸೂಜಿ ಒಂದೇ ಮಟ್ಟಕ್ಕೆ ಬಂದು ನಿಂತಿತು. ನೇರ, ಹಾಳೆಯ ಉದ್ದಕ್ಕೂ ನೇರ. ಶಿಷ್ಯೆ ಎರಡನೇ ಸಲ ತೆಗೆದಳು, ಮೂರನೇ ಸಲವೂ ತೆಗೆದಳು. ಅತ್ತೆ ಮೂರನ್ನೂ ನೋಡಿ ಹೂಂ ಎಂದಳು. ಆಗ ಅವಳ ಕಣ್ಣಿಂದ ನೀರು ಇಳಿಯಿತು. ಮಗಳು ಓಡಿಬಂದು ಅವಳನ್ನು ತಬ್ಬಿಕೊಂಡಳು.

ತಮ್ಮ ಆಗಲೇ ಫೋನಿನಲ್ಲಿ ಆಂಬುಲೆನ್ಸಿಗೆ ಕೂಗಾಡುತ್ತಿದ್ದ. "ಸತ್ತೋರಿಗಲ್ಲ ರೀ, ಬದುಕಿರೋರಿಗೆ! ಅದೇ ಮನೆ! ಹೌದು, ಅದೇ!"

"ನಾನು ಕಾಯ್ತೀನಿ," ಎಂದ ಡ್ರೈವರು, ಯಾರೂ ಕೇಳದಿದ್ದರೂ. ಕೆಳಗಿಳಿದು ಇಂಜಿನ್ನು ಆರಿಸಿದ.

"ಅವರು ಬರೋದ್ರೊಳಗೆ ಪೂರ್ತಿ ತೆಗೀಬೇಕು ಅತ್ತೆ," ಎಂದಳು ಶಿಷ್ಯೆ. "ನೋಡಿದ ತಕ್ಷಣ ಡಾಕ್ಟ್ರಿಗೆ ಗೊತ್ತಾಗತ್ತೆ. ಎದೇಲಿ ಸಣ್ಣದೊಂದು ಮಷೀನು ಕೂರಿಸಿದ್ರೆ ಸರಿಹೋಗತ್ತೆ. ಮಲಗ್ತೀರಾ?"

ಅತ್ತೆ ಕ್ಲಿಪ್ಪುಗಳನ್ನೇ ನೋಡುತ್ತಿದ್ದಳು. ಶಿಷ್ಯೆ ಅವನ್ನು ಗಂಡನ ಕೈಕಾಲುಗಳಿಂದ ಒಂದೊಂದಾಗಿ ಬಿಚ್ಚುತ್ತಿದ್ದಳು. ಅತ್ತೆಯ ಕಣ್ಣಲ್ಲಿ ಹೆದರಿಕೆ ಇತ್ತು, ಅಮ್ಮನನ್ನು ಕಳೆದುಕೊಂಡ ಹುಡುಗಿಯ ಹಳೇ ಹೆದರಿಕೆ. ಆ ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಅವಳು ಗಂಡನ ಪಕ್ಕದಲ್ಲಿ, ಯಾವತ್ತೂ ಮಲಗುತ್ತಿದ್ದ ಗೋಡೆಯ ಕಡೆಗೆ ಹೋಗಿ ಮಲಗಿದಳು. ತಾನಾಗಿ ಎರಡೂ ಕೈ ಚಾಚಿದಳು.

ಶಿಷ್ಯೆ ಕ್ಲಿಪ್ಪು ತಂದಳು. ಬಾಯಿ ತೆರೆದಳು.

"ಗೊತ್ತು," ಎಂದಳು ಅತ್ತೆ. "ಸ್ವಲ್ಪ ತಣ್ಣಗಿರುತ್ತೆ."

ದುಂಡಗಿನ ಕೈಗೆ ಅವು ಬಿಗಿಯಾಗಿ ಕೂತವು. ಯಂತ್ರ ಮತ್ತೆ ಹೊರಟಿತು. ಯಾರೂ ಹರಿಯದ ಅದೇ ಸುರುಳಿಯಲ್ಲಿ ಅವನ ನೇರ ಗೆರೆ ಮುಗಿದಲ್ಲಿಂದ ಅವಳ ಗೆರೆ ಎದ್ದಿತು, ಈ ಸಲ ಮೇಲ್ಮುಖವಾಗಿ. ಮೂರು ಮೊನೆ, ಆಮೇಲೆ ಖಾಲಿ. ಮತ್ತೆ ಟಕ್. ಅತ್ತೆಯ ಕೈ ಅಭ್ಯಾಸಬಲದಿಂದ ಹಾಸಿಗೆಯ ಮೇಲೆ ಗಂಡನ ಕೈಯ ಕಡೆಗೆ ಸರಿಯಿತು. ಇನ್ನೇನು ತಾಗಬೇಕು, ಮುಟ್ಟಿದರೆ ಗೆರೆ ಕೆಡುತ್ತದೆಂದು ಅವಳಿಗೆ ನೆನಪಾಯಿತು. ಒಂದು ಬೆರಳಿನಷ್ಟು ಜಾಗ ಬಿಟ್ಟು, ಮುಟ್ಟದೆ, ಕೈಯನ್ನು ಅಲ್ಲೇ ಇಟ್ಟುಕೊಂಡಳು.